ಸೀಟಿ ಊದದ ಗುರು



ಗದರದೆ, ದಂಡಿಸದೆ ಹುಡುಗರನ್ನು ಗೆಲ್ಲಿಸಬಹುದೇ? ಈ ಪ್ರಶ್ನೆಗೆ ಅಮೆರಿಕದ ಜಾನ್ ಗಾಗ್ಲಿಯಾರ್ಡಿ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟರು.

ಅಮೆರಿಕನ್ನರ ಫುಟ್‌ಬಾಲ್ ನೀವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು, ಇಲ್ಲವೇ ಎಸೆಯಬೇಕು. ನಾಲ್ಕು ಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು. ಎದುರಾಳಿಗಳು ಮೈಮೇಲೆ ಬಿದ್ದು ಕೆಡವುತ್ತಾರೆ. ಹೀಗಾಗಿ ಪೆಟ್ಟು ತಪ್ಪಿದ್ದಲ್ಲ.

ಗಾಗ್ಲಿಯಾರ್ಡಿ 1926ರಲ್ಲಿ ಕೊಲರಾಡೋದ ಟ್ರಿನಿಡಾಡ್ ಊರಿನಲ್ಲಿ ಹುಟ್ಟಿದರು. ತಂದೆ ಇಟಲಿಯಿಂದ ವಲಸೆ ಬಂದವರು. 1943ರಲ್ಲಿ ಶಾಲೆಯ ತರಬೇತುದಾರರಿಗೆ ಯುದ್ಧದ ಕರೆ ಬಂತು. ತಂಡವನ್ನೇ ಕೈಬಿಡುವ ಮಾತು ನಡೆದಾಗ, 16 ವರ್ಷದ ನಾಯಕ ಗಾಗ್ಲಿಯಾರ್ಡಿ ತಾನೇ ಕಲಿಸುತ್ತೇನೆಂದು ಮುಂದೆ ಬಂದ. ಅಭ್ಯಾಸದ ನಡುವೆ ನೀರು ಕುಡಿಯಬಾರದೆಂಬುದು ಅಂದಿನ ಕಟ್ಟಳೆ. ಆ ಹುಡುಗ ಗೆಳೆಯರಿಗೆ ಬೇಕಾದಷ್ಟು ನೀರು ಕುಡಿಯಲು ಬಿಟ್ಟ.

1949ರಲ್ಲಿ ಮೊಂಟಾನಾದ ಕ್ಯಾರೊಲ್ ಕಾಲೇಜು, 1953ರಲ್ಲಿ ಮಿನ್ನೆಸೋಟಾದ ಸೇಂಟ್ ಜಾನ್ಸ್. ಬೆನೆಡಿಕ್ಟೈನ್ ಸನ್ಯಾಸಿಗಳು ಸ್ಥಾಪಿಸಿದ ಆ ಸಣ್ಣ ಸಂಸ್ಥೆಯಲ್ಲೇ ಅವರು 60 ಹಂಗಾಮು ದುಡಿದರು. ಅದು ಮುಂದೆ ಸೇರಿದ ಮೂರನೆಯ ವಿಭಾಗದಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ದುಡ್ಡು ತೋರಿಸಿ ಆಟಗಾರರನ್ನು ಸೆಳೆಯುವಂತಿಲ್ಲ.

ಅವರ ಮೈದಾನದಲ್ಲಿ ಸೀಟಿಯಿಲ್ಲ, ಬೈಗುಳವಿಲ್ಲ. ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡವುವಂತಿಲ್ಲ. ಹುಡುಗರು ಅವರನ್ನು 'ಜಾನ್' ಎಂದೇ ಕರೆಯಬೇಕು. ಮೈಕೈ ಉಳಿದರೆ ತಾನೆ ಪಂದ್ಯದ ದಿನ ಆಡುವುದು? ಉಳಿದ ಹೊತ್ತೆಲ್ಲ ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು ಎಂಬ ಲೆಕ್ಕಾಚಾರಕ್ಕೆ ಮೀಸಲು.

ಇದು ಮೆತ್ತಗಿನ ತರಬೇತಿ ಎನ್ನುವವರಿಗೆ ಅಂಕಿಗಳೇ ಉತ್ತರ. 1963, 1965, 1976 ಮತ್ತು 2003ರಲ್ಲಿ ರಾಷ್ಟ್ರಮಟ್ಟದ ಪ್ರಶಸ್ತಿ. 2003ರ ನವೆಂಬರಿನಲ್ಲಿ ಅವರು ಗ್ರ್ಯಾಂಬ್ಲಿಂಗ್ ಕಾಲೇಜಿನ ಎಡ್ಡಿ ರಾಬಿನ್ಸನ್ ಅವರ 408 ಗೆಲುವುಗಳ ದಾಖಲೆ ಮುರಿದರು. ಅದೇ ವರ್ಷದ ಕೊನೆಯ ಪಂದ್ಯದಲ್ಲಿ, ಸತತ 55 ಪಂದ್ಯ ಗೆದ್ದು ಬಂದಿದ್ದ ಮೌಂಟ್ ಯೂನಿಯನ್ ತಂಡವನ್ನು 24–6ರಿಂದ ಸೋಲಿಸಿದರು. 2012ರಲ್ಲಿ ನಿವೃತ್ತರಾದಾಗ 489 ಗೆಲುವು, 138 ಸೋಲು, 11 ಸಮ. ಕಾಲೇಜು ಫುಟ್‌ಬಾಲಿನಲ್ಲಿ ಇನ್ನಾರೂ ಅಷ್ಟು ಪಂದ್ಯ ಗೆದ್ದಿಲ್ಲ. 2018ರ ಅಕ್ಟೋಬರಿನಲ್ಲಿ, 91ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ತಲೆಗೆ ಬೀಳುವ ಪೆಟ್ಟುಗಳ ಕೇಡು ವೈದ್ಯರಿಂದ ಬಯಲಾದ ಮೇಲೆ ದೊಡ್ಡವರೂ ಎಚ್ಚೆತ್ತರು. ಹೆಸರಾಂತ ಐವಿ ಲೀಗ್ ಕಾಲೇಜುಗಳ ತರಬೇತುದಾರರು ಹಂಗಾಮಿನ ಅಭ್ಯಾಸದಲ್ಲಿ ಕೆಡವುವುದನ್ನು ಕೈಬಿಡಲು ಒಪ್ಪಿದ್ದು 2016ರಲ್ಲಿ. ಗಾಗ್ಲಿಯಾರ್ಡಿ ಆ ದಾರಿ ಹಿಡಿದು ಆಗಲೇ ದಶಕಗಳು ಕಳೆದಿದ್ದವು.

ಕೇಳುಗರೇ, ನಿಮ್ಮೂರ ಶಾಲೆಯ ಬಯಲಿನಲ್ಲೂ ಮಕ್ಕಳು ಆಡುತ್ತಿರಬಹುದು. ಅವರು ದಣಿದಾಗ ಮೊದಲು ನೀರು ಕೊಡಿ. ಗೆಲುವಿನ ಮಾತು ಆಮೇಲೆ.