ಬ್ಯಾಟರಿಯ ಹಂಗಿಲ್ಲದ ಹಾರಾಟ

ಬೆಂಗಳೂರಿನಿಂದ ಮಂಗಳೂರಿಗೆ ನೇರ ಗೆರೆ ಎಳೆದರೆ ಅದು ಸಕಲೇಶಪುರದ ಗುಡ್ಡಗಳ ಹತ್ತಿರವೇ ಹಾಯುತ್ತದೆ. ಕೆಳಗೆ ಕಾಫಿ ತೋಟ, ಮುಂದೆ ಘಟ್ಟದ ಕಡಿದಾದ ಇಳಿಜಾರು. ವಿಮಾನ ಇಳಿಸಲು ಬಯಲೇ ವಿರಳ. ಇಂಥಲ್ಲಿ ಸಣ್ಣ ವಿಮಾನದ ವಿದ್ಯುತ್ ಕೈಕೊಟ್ಟರೆ?

ಸಾಮಾನ್ಯವಾಗಿ ಎಂಜಿನ್ ನಿಲ್ಲುವುದಿಲ್ಲ. ಅದರ ಕಿಡಿ, ಎಂಜಿನ್ ತಿರುಗಿದಂತೆ ತಾನೇ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೊದ್ದು, ಬ್ಯಾಟರಿಯದಲ್ಲ. ಉದಾಹರಣೆಗೆ, ವಿ.ಎಂ. ಘಾಟಗೆ ವಿನ್ಯಾಸದ, ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಹಾರಿಸಿದ ‘ಪುಷ್ಪಕ್’ 90 ಅಶ್ವಶಕ್ತಿಯ, ಎರಡು ಸೀಟಿನ, ಬಟ್ಟೆ ಹೊದಿಸಿದ ವಿಮಾನ. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಅದರ ಪ್ರೊಪೆಲರನ್ನು ಕೈಯಿಂದಲೇ ತಿರುಗಿಸಿ ಚಾಲೂ ಮಾಡುತ್ತಿದ್ದರು. ಕೆಡಲು ಅದರಲ್ಲಿ ಹೆಚ್ಚು ವಿದ್ಯುತ್ ಸಾಮಗ್ರಿಯೇ ಇರಲಿಲ್ಲವೆನ್ನಿ!

ಆಮೇಲೆ ಸೆಸ್ನಾ ವಿಮಾನಗಳು ಬಂದವು; ಜೊತೆಗೆ ಬ್ಯಾಟರಿ ತುಂಬುವ ಆಲ್ಟರ್ನೇಟರ್, ರೇಡಿಯೊ, ದೀಪಗಳು. ಈಗ ಆಲ್ಟರ್ನೇಟರ್ ಸತ್ತರೆ ಪೈಲಟ್ ಬೇಡದ್ದನ್ನೆಲ್ಲ ಆರಿಸಿ, ಬ್ಯಾಟರಿಯನ್ನು ರೇಡಿಯೊಗೆ ಉಳಿಸಿಕೊಂಡು ಹತ್ತಿರದ ನಿಲ್ದಾಣದತ್ತ ಹೊರಡಬೇಕು. ರೇಡಿಯೊವೂ ಹೋದರೆ ನಿಲ್ದಾಣದ ನಿಯಂತ್ರಣ ಗೋಪುರದ ಬಣ್ಣದ ದೀಪವೇ ಗತಿ: ಸ್ಥಿರ ಹಸಿರು ಕಂಡರೆ ಇಳಿಯಬಹುದು.