ಹಗ್ಗ ಕಂಡು ಹಾವೆಂದ ಊರು, ನಗಿಸಲಾಗದ ಸ್ಪೀಲ್‌ಬರ್ಗ್

ಸ್ಪೀಲ್‌ಬರ್ಗ್ ಅಂದ ಕೂಡಲೇ ನೆನಪಾಗೋದು ಜಾಸ್, ಇ.ಟಿ., ಜುರಾಸಿಕ್ ಪಾರ್ಕ್. ಈ ಮಹಾಶಯ 1979ರಲ್ಲಿ '1941' ಅಂತ ಒಂದು ಕಾಮಿಡಿ ಚಿತ್ರವನ್ನೂ ಮಾಡಿದ್ದ. ನಾನು ಅದನ್ನು ಎರಡು ಸಲ ನೋಡಿದ್ದೇನೆ. ಮೊದಲ ಸಲ ಬೋರಾಯಿತು. ಹಿಂದಿನ ಇತಿಹಾಸ ಓದಿಕೊಂಡು ಎರಡನೇ ಸಲ ನೋಡಿದಾಗ ಮಾತ್ರ ಹೊಟ್ಟೆ ಉರಿಯಿತು. ಎಂಥಾ ಕಥೆ ಕೈಯಲ್ಲಿತ್ತು!

ಮೊದಲು ಆ ಇತಿಹಾಸ. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಮುಂದಿನ ಸರದಿ ತಮ್ಮದೇ ಅಂತ ಕ್ಯಾಲಿಫೋರ್ನಿಯಾದ ಕರಾವಳಿ ನಡುಗತೊಡಗಿತು. 1942ರ ಫೆಬ್ರವರಿ 23ರ ಸಂಜೆ ಐ-17 ಅನ್ನೋ ಜಪಾನಿ ಜಲಾಂತರ್ಗಾಮಿ ಸಾಂತಾ ಬಾರ್ಬರಾ ಹತ್ತಿರದ ಎಲ್‌ವುಡ್ ತೈಲಕೇಂದ್ರದ ಮೇಲೆ ಗುಂಡು ಹಾರಿಸಿ ಹೊರಟುಹೋಯಿತು. ಯಾರೂ ಸಾಯಲಿಲ್ಲ, ಹಾನಿಯೂ ಅಷ್ಟಕ್ಕಷ್ಟೇ.

ಆದರೆ ಹೆದರಿದವರಿಗೆ ಅಷ್ಟು ಸಾಕಲ್ಲ! ಮರುದಿನ ರಾತ್ರಿ ಲಾಸ್ ಏಂಜಲೀಸ್‌ನಲ್ಲಿ ಸೈರನ್ ಕೂಗಿತು, ದೀಪ ಆರಿಸಿದರು. ಬೆಳಗಿನ ಜಾವ ವಿಮಾನನಿರೋಧಕ ಫಿರಂಗಿಗಳು 1,400ಕ್ಕೂ ಹೆಚ್ಚು ಶೆಲ್‌ಗಳನ್ನು ಆಕಾಶಕ್ಕೆ ಹಾರಿಸಿದವು. ಮೇಲೆ ಒಂದೇ ಒಂದು ಜಪಾನಿ ವಿಮಾನವೂ ಇರಲಿಲ್ಲ. ಆ ಗಲಾಟೆಯಲ್ಲಿ ರಸ್ತೆ ಅಪಘಾತ, ಹೃದಯಾಘಾತಗಳಿಂದ ಐದು ಜನ ಸತ್ತರು. ನೌಕಾಪಡೆಯ ಕಾರ್ಯದರ್ಶಿ ನಾಕ್ಸ್ 'ಇದೆಲ್ಲ ಸುಳ್ಳು ಎಚ್ಚರಿಕೆ' ಅಂದರೆ, ಯುದ್ಧ ಕಾರ್ಯದರ್ಶಿ ಸ್ಟಿಮ್ಸನ್ 'ಹದಿನೈದು ವಿಮಾನ ಇದ್ದಿರಬಹುದು' ಅಂದರು. ಕೊನೆಗೆ 1983ರಲ್ಲಿ ಅಮೆರಿಕದ ವಾಯುಪಡೆಯ ಇತಿಹಾಸಕಾರರು ಬೊಟ್ಟು ಮಾಡಿದ್ದು ಒಂದು ಹವಾಮಾನ ಬಲೂನಿನ ಕಡೆಗೆ. ಸರ್ಕಾರವೇ ಬರೆದುಕೊಟ್ಟ ಕಾಮಿಡಿ ಸ್ಕ್ರಿಪ್ಟ್ ಇದ್ದ ಹಾಗಿದೆ, ಅಲ್ವಾ?

ಇದನ್ನು ಚಿತ್ರಕಥೆ ಮಾಡಿದವರು ರಾಬರ್ಟ್ ಝೆಮೆಕಿಸ್ ಮತ್ತು ಬಾಬ್ ಗೇಲ್, ಅಂದರೆ 1985ರಲ್ಲಿ 'ಬ್ಯಾಕ್ ಟು ದ ಫ್ಯೂಚರ್' ಬರೆದ ಜೋಡಿ. ನಟರೋ ಜಾನ್ ಬೆಲುಶಿ, ಡ್ಯಾನ್ ಐಕ್ರಾಯ್ಡ್, ಕ್ರಿಸ್ಟೋಫರ್ ಲೀ! ಜಲಾಂತರ್ಗಾಮಿಯ ಕಮಾಂಡರ್ ಆಗಿ ಕುರೊಸಾವಾನ 'ಸೆವೆನ್ ಸಮುರಾಯ್' ಖ್ಯಾತಿಯ ತೊಶಿರೊ ಮಿಫುನೆ. ಸಂಗೀತ ಜಾನ್ ವಿಲಿಯಮ್ಸ್. ಖರ್ಚು ಸುಮಾರು ಮೂರೂವರೆ ಕೋಟಿ ಡಾಲರ್.

ಇಷ್ಟಿದ್ದೂ ಆಗಿದ್ದೇನು? ಮನೆ ಕುಸಿಯುತ್ತದೆ, ಫೆರಿಸ್ ವೀಲ್ ಉರುಳಿಕೊಂಡು ಸಮುದ್ರಕ್ಕೆ ಬೀಳುತ್ತದೆ, ಎಲ್ಲರೂ ಕಿರುಚುತ್ತಾರೆ. ನಮ್ಮ ಫೀಲ್ಡಿನ ಭಾಷೆಯಲ್ಲಿ ಹೇಳೋದಾದರೆ, ಫೀಚರ್ ಮೇಲೆ ಫೀಚರ್ ತುರುಕಿ ಮೂಲ ಪ್ರೋಗ್ರಾಮೇ ಓಡದ ಹಾಗಾಯಿತು :-) ಮಿಫುನೆ ಒಂದು ನೋಟದಲ್ಲೇ ಮಾತಾಡಬಲ್ಲ ನಟ. ಅವನಿಗೆ ಸಿಕ್ಕಿದ್ದು ಹಾಲಿವುಡ್ ಹುಡುಕುತ್ತಾ ಕೂಗಾಡುವ ಕೆಲಸ. ನನಗೆ ಹಿಡಿಸಿದ್ದು ಒಂದು ಚಿಕ್ಕ ದೃಶ್ಯ ಮಾತ್ರ: ಹೊರಗೆ ಬೀದಿ ರಣರಂಗವಾಗಿರುವಾಗ ಜನರಲ್ ಸ್ಟಿಲ್‌ವೆಲ್ ಥಿಯೇಟರಿನಲ್ಲಿ ಕೂತು 'ಡಂಬೊ' ನೋಡಿ ಕಣ್ಣೀರು ಹಾಕುತ್ತಾನೆ. ಅಲ್ಲಿ ನಗು ಬರುತ್ತದೆ, ಯಾಕೆಂದರೆ ಅಲ್ಲೊಬ್ಬ ಮನುಷ್ಯ ಇದ್ದಾನೆ.

ನಿಜವಾದ ತಪ್ಪು ಇರೋದು ಇನ್ನೂ ಒಂದು ಕಡೆ. ಆಕಾಶ ಖಾಲಿ ಇದ್ದಾಗಲೇ ಈ ಕಥೆಗೆ ನಗು. ಸ್ಪೀಲ್‌ಬರ್ಗ್ ನಿಜವಾದ ಶತ್ರುವನ್ನೇ ಹಾಲಿವುಡ್ ಹೊಸ್ತಿಲಿಗೆ ತಂದು ನಿಲ್ಲಿಸಿದ. ಹಗ್ಗ ನೋಡಿ ಹಾವು ಅಂದವನನ್ನು ಕಂಡು ನಗಬಹುದು. ಅಲ್ಲಿ ಹಾವೇ ಇದ್ದರೆ ಅವನು ಬುದ್ಧಿವಂತನೇ ಆಗಿಬಿಡುತ್ತಾನಲ್ಲ!

ಆ ಹೆದರಿಕೆಗೆ ಬೆಲೆ ತೆತ್ತವರು ಬೇರೆಯೇ ಜನ. ಗುಂಡು ಹಾರಿದ ಆ ರಾತ್ರಿಗೆ ಐದು ದಿನ ಮೊದಲು, ಫೆಬ್ರವರಿ 19ರಂದು, ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದ್ದರು. ಅದರಿಂದ ಜಪಾನಿ ಮೂಲದ ಸುಮಾರು 1,20,000 ಜನ ಮನೆಮಠ ಬಿಟ್ಟು ಮುಳ್ಳುತಂತಿಯ ಶಿಬಿರ ಸೇರಬೇಕಾಯಿತು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಅಮೆರಿಕದ ಪ್ರಜೆಗಳೇ. ಸರ್ಕಾರ ಕ್ಷಮೆ ಕೇಳಿ, ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರ ಘೋಷಿಸಿದ್ದು 1988ರಲ್ಲಿ. ಇವರ ಕಥೆ ಚಿತ್ರದಲ್ಲಿ ಇಲ್ಲ.

ಹಾಸ್ಯಚಿತ್ರದಲ್ಲಿ ಇದೆಲ್ಲ ಯಾಕೆ ಅನ್ನಬಹುದು. ಚಾಪ್ಲಿನ್ 1940ರಲ್ಲೇ 'ದ ಗ್ರೇಟ್ ಡಿಕ್ಟೇಟರ್' ಮಾಡಿ ತೋರಿಸಿದ್ದಾನೆ: ಭಯವನ್ನು ಗೇಲಿ ಮಾಡಬೇಕು, ಅದಕ್ಕೆ ಸಿಕ್ಕಿ ನರಳಿದವರನ್ನು ಮರೆಯಬಾರದು. ಆ ಖಾಲಿ ಆಕಾಶದ ಕಾಮಿಡಿಯನ್ನು ಇನ್ಯಾರಾದರೂ ಮಾಡಲಿ ಅಂತ ನನ್ನಾಸೆ. ನಿಮ್ಮ ಪ್ರಕಾರ ಯಾರು ಮಾಡಿದರೆ ಚೆನ್ನ?