ಜೋಳದ ರೊಟ್ಟಿಯೂ ಮನಃಸ್ವಾಸ್ಥ್ಯವೂ: ತಾರ್ನಾಕದ ಒಂದು ಸಂಶೋಧನೆಯ ಚರಿತ್ರೆ

ಮನುಷ್ಯನ ನಡೆವಳಿಕೆಗೆ ಹುಟ್ಟುಗುಣ ಕಾರಣವೋ, ಬೆಳೆದ ಸನ್ನಿವೇಶ ಕಾರಣವೋ ಎಂಬ ಪ್ರಶ್ನೆ ಬಹಳ ಹಳೆಯದು. ಜಗಲಿಯ ಮಾತುಕತೆಯಲ್ಲಿ ಇದಕ್ಕೆ ಉತ್ತರ ಹೇಳುವುದು ಸುಲಭ: ಒಬ್ಬರು ‘ಅವರ ವಂಶವೇ ಹಾಗೆ’ ಎನ್ನುತ್ತಾರೆ, ಮತ್ತೊಬ್ಬರು ‘ಎಲ್ಲ ಸಹವಾಸದೋಷ’ ಎನ್ನುತ್ತಾರೆ. ಈ ಪ್ರಶ್ನೆಯ ಒಂದು ಭಾಗವನ್ನು ಜಗಲಿಯಿಂದ ಪ್ರಯೋಗಶಾಲೆಗೆ ಒಯ್ದು, ಧಾನ್ಯವನ್ನೂ ರಕ್ತವನ್ನೂ ಪರೀಕ್ಷಿಸಿ ಉತ್ತರ ಹುಡುಕಿದ ಪ್ರಯತ್ನವೊಂದು ನಾವು ವಾಸಿಸುವ ಈ ಹೈದರಾಬಾದಿನಲ್ಲಿಯೇ ನಡೆಯಿತು. ಆ ಧಾನ್ಯ ಜೋಳ. ಕಲಬುರ್ಗಿ, ರಾಯಚೂರು, ಬೀದರಗಳಿಂದ ಬಂದು ಇಲ್ಲಿ ನೆಲಸಿದ ನಮ್ಮವರಿಗೆ ಅದು ಪರಧಾನ್ಯವಲ್ಲ. ಆದುದರಿಂದ ಈ ಚರಿತ್ರೆಯಲ್ಲಿ ನಮಗೆ ವಿಶೇಷವಾದ ಆಸಕ್ತಿಯಿರಬೇಕಾದುದು ಸಹಜವೇ.

ಪೆಲಾಗ್ರ ಎಂಬುದೊಂದು ರೋಗ. ಬಿಸಿಲು ತಾಗುವ ಕೊರಳು, ಮುಂಗೈ, ಪಾದಗಳ ಚರ್ಮವು ಕಪ್ಪಾಗಿ, ಒರಟಾಗಿ ಸುಲಿಯುತ್ತದೆ, ನಾಲಗೆ ಕೆಂಪಡರಿ ಉರಿಯುತ್ತದೆ, ಭೇದಿಯಾಗುತ್ತದೆ. ಇಷ್ಟಕ್ಕೆ ಮುಗಿಯುವುದಿಲ್ಲ. ರೋಗಿಗೆ ನಿದ್ರೆ ಕೆಡುತ್ತದೆ, ಸಣ್ಣ ಮಾತಿಗೂ ಸಿಡುಕು ಬರುತ್ತದೆ, ಕೆಲಸದಲ್ಲಿ ಮನಸ್ಸು ನಿಲ್ಲದು, ವಿಷಾದ ಕವಿಯುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಬುದ್ಧಿಭ್ರಮಣೆಯೇ ಆದೀತು. ಮೈಯ ಕಲೆ ಕಾಣದವರು ಇಂಥವನನ್ನು ಸೋಮಾರಿಯೆಂದೋ ಮುಂಗೋಪಿಯೆಂದೋ ಕರೆದಾರು. ಗಾಸ್ಪರ್ ಕಸಾಲ್ ಎಂಬ ವೈದ್ಯನು 1735ರಲ್ಲಿ ಸ್ಪೇನಿನ ಆಸ್ಟೂರಿಯಾಸ್ ಪ್ರಾಂತದ ಬಡರೈತರಲ್ಲಿ ಇದನ್ನು ಕಂಡು ವರ್ಣಿಸಿದನು. ಆ ರೈತರ ಮುಖ್ಯ ಆಹಾರ ಮುಸುಕಿನ ಜೋಳ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಈ ರೋಗ ಹಬ್ಬಿತು. ಆಗ ಎದ್ದ ವಾದವಿವಾದ ನಮ್ಮ ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ಸುಪ್ರಜನನ ಪಂಥದ ಪ್ರಮುಖನಾದ ಚಾರ್ಲ್ಸ್ ಡೇವನ್‌ಪೋರ್ಟ್ 1916ರಲ್ಲಿ ವಂಶಾವಳಿಗಳನ್ನು ಮುಂದಿಟ್ಟು, ಪೆಲಾಗ್ರಕ್ಕೆ ಒಳಗಾಗುವ ಶರೀರಪ್ರಕೃತಿ ಪಿತ್ರಾರ್ಜಿತವೆಂದು ವಾದಿಸಿದನು. ಸರಕಾರಿ ವೈದ್ಯನಾದ ಜೋಸೆಫ್ ಗೋಲ್ಡ್‌ಬರ್ಗರ್ ಇದನ್ನು ಒಪ್ಪಲಿಲ್ಲ. ಅನಾಥಾಲಯಗಳಲ್ಲಿಯೂ ಹುಚ್ಚಾಸ್ಪತ್ರೆಗಳಲ್ಲಿಯೂ ಅಲ್ಲಿ ಇರಿಸಲ್ಪಟ್ಟವರಿಗೆ ರೋಗ ತಗಲುತ್ತಿತ್ತು. ಅದೇ ಕಟ್ಟಡದಲ್ಲಿ ದುಡಿಯುವ ಸೇವಕರಿಗೆ ತಗಲುತ್ತಿರಲಿಲ್ಲ. ಸೇವಕರ ಊಟ ಬೇರೆಯಾಗಿತ್ತು. ಅನಾಥ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಕೊಡಿಸಿದಾಗ ರೋಗ ಅಡಗಿತು. 1915ರಲ್ಲಿ ಮಿಸಿಸಿಪಿಯ ಒಂದು ಸೆರೆಮನೆಯ ಹೊಲದಲ್ಲಿ, ಕ್ಷಮಾದಾನದ ಭರವಸೆ ಪಡೆದು ಒಪ್ಪಿಕೊಂಡ ಹನ್ನೊಂದು ಮಂದಿ ಕೈದಿಗಳಿಗೆ ಬಡವರ ಆಹಾರವನ್ನೇ ತಿಂಗಳುಗಟ್ಟಲೆ ಕೊಟ್ಟುದರಲ್ಲಿ ಆರು ಮಂದಿಗೆ ಪೆಲಾಗ್ರ ಬಂದಿತು.

ಆರು ಮಂದಿಗೆ! ಉಳಿದ ಐವರಿಗೇಕೆ ಬರಲಿಲ್ಲ? ಡೇವನ್‌ಪೋರ್ಟನನ್ನು ಸೋಲಿಸಿದ ಸಂತೋಷದಲ್ಲಿ ಈ ಐವರನ್ನು ಬಹಳ ಮಂದಿ ಮರೆಯುತ್ತಾರೆ. ಆಹಾರದ ಕೊರತೆಯಿಲ್ಲದೆ ರೋಗವಿಲ್ಲವೆಂಬುದು ಸಿದ್ಧವಾಯಿತು. ಆದರೆ ಒಂದೇ ಕೊರತೆಗೆ ಎಲ್ಲ ಶರೀರಗಳೂ ಒಂದೇ ರೀತಿಯಲ್ಲಿ ಪ್ರತಿಸ್ಪಂದಿಸುವುದಿಲ್ಲವೆಂಬುದೂ ಅದೇ ಪ್ರಯೋಗದಲ್ಲಿ ಕಾಣುತ್ತದೆ. ಇದಕ್ಕೆ ಪೂರಕವಾದ ಸಾಕ್ಷ್ಯ 1956ರಲ್ಲಿ ಲಂಡನ್ನಿನಿಂದ ಬಂದಿತು. ಹಾರ್ಟ್‌ನಪ್ ಎಂಬ ಮನೆತನದ ಮಕ್ಕಳಲ್ಲಿ ಪೆಲಾಗ್ರದಂಥ ಚರ್ಮರೋಗವೂ ನಡಿಗೆಯ ತೊಡಕೂ ಕಂಡುವು. ಅವರಲ್ಲಿ ಟ್ರಿಪ್ಟೊಫಾನ್ ಮೊದಲಾದ ಅಮೈನೊ ಆಮ್ಲಗಳನ್ನು ಕರುಳು ಹೀರಿಕೊಳ್ಳುವ ಶಕ್ತಿ ಹುಟ್ಟಿನಿಂದಲೇ ಕುಂದಿತ್ತು. ಈ ದೋಷವಿದ್ದೂ ಒಳ್ಳೆಯ ಆಹಾರ ದೊರೆತ ಎಷ್ಟೋ ಮಂದಿಯಲ್ಲಿ ಅದು ಹೊರಗೆ ಕಾಣಿಸಿಕೊಳ್ಳುವುದೇ ಇಲ್ಲ. ಬಡವನ ತಟ್ಟೆ ಯಾವ ಕೇಡನ್ನು ಮಾಡಿತೋ ಅದನ್ನೇ ಇಲ್ಲಿ ಅನುವಂಶ ಮಾಡಿತು. ತಟ್ಟೆ ತುಂಬಿದ್ದರೆ ಅನುವಂಶವೂ ಸುಮ್ಮನಿರುತ್ತದೆ.

ಕಾನ್ರಾಡ್ ಎಲ್ವೆಹ್ಯೆಮ್ 1937ರಲ್ಲಿ ನಿಕೊಟಿನಿಕ್ ಆಮ್ಲದಿಂದ ನಾಯಿಗಳ ಕರಿನಾಲಗೆ ರೋಗ ವಾಸಿಯಾಗುವುದನ್ನು ತೋರಿಸಿದನು. ಅದಾದ ಮೇಲೆ ಮನುಷ್ಯನ ಪೆಲಾಗ್ರಕ್ಕೂ ಅದೇ ಔಷಧವಾಯಿತು. ಟ್ರಿಪ್ಟೊಫಾನಿನಿಂದ ಶರೀರವೇ ಈ ಜೀವಸತ್ವವನ್ನು ಸ್ವಲ್ಪಮಟ್ಟಿಗೆ ತಯಾರಿಸಿಕೊಳ್ಳುತ್ತದೆಂಬುದು 1940ರ ದಶಕದಲ್ಲಿ ತಿಳಿಯಿತು.

ಈಗ ತಾರ್ನಾಕಕ್ಕೆ ಬರೋಣ. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಮಗ್ಗುಲಲ್ಲಿರುವ ಪೌಷ್ಟಿಕ ಸಂಸ್ಥೆ ಹುಟ್ಟಿದುದು ನೀಲಗಿರಿಯ ಕೂನೂರಿನಲ್ಲಿ, 1918ರಲ್ಲಿ, ರಾಬರ್ಟ್ ಮೆಕ್ಯಾರಿಸನ್ನನ ಬೆರಿಬೆರಿ ಸಂಶೋಧನೆಯಾಗಿ. ಆತನ ಇಲಿಗಳ ಪ್ರಯೋಗವನ್ನು ಇಲ್ಲಿ ನೆನೆಯಬಹುದು. ಒಂದೇ ಬಗೆಯ ಎಳೆಯ ಇಲಿಗಳಲ್ಲಿ ಒಂದು ಗುಂಪಿಗೆ ಸಿಖ್ಖರ ಆಹಾರವಾದ ಗೋಧಿರೊಟ್ಟಿ, ಹಾಲು, ಬೇಳೆ, ತರಕಾರಿ. ಇನ್ನೊಂದಕ್ಕೆ ಇಂಗ್ಲೆಂಡಿನ ಬಡವರ ಆಹಾರವಾದ ಬಿಳಿ ಬ್ರೆಡ್ಡು, ಮಾರ್ಗರೀನ್, ಸಕ್ಕರೆ ಬೆರೆಸಿದ ಚಹಾ. ಮೊದಲನೆಯವು ಸ್ನೇಹದಿಂದ ಬಾಳಿದುವು. ಎರಡನೆಯವು ಕುಗ್ಗಿ ಬೆಳೆದು, ಸೇವಕರನ್ನು ಕಚ್ಚತೊಡಗಿ, ಎರಡು ತಿಂಗಳಾಗುವಷ್ಟರಲ್ಲಿ ತಮ್ಮಲ್ಲಿ ದುರ್ಬಲವಾದುವನ್ನು ಕೊಂದು ತಿಂದುವು. ಇದನ್ನು ಆತನೇ 1936ರಲ್ಲಿ ಲಂಡನ್ನಿನ ಉಪನ್ಯಾಸಗಳಲ್ಲಿ ವಿವರಿಸಿದನು. ಇಲಿಯಿಂದ ಮನುಷ್ಯನಿಗೆ ನೇರವಾಗಿ ಜಿಗಿಯಲಾಗದು, ನಿಜ.

ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಬಂದಿತು. ಇಲ್ಲಿ ಅದಕ್ಕೆ ಎದುರಾದುದು ಒಂದು ಒಗಟು. ತೆಲಂಗಾಣದ ಬಡ ಕೃಷಿಕಾರ್ಮಿಕರಲ್ಲಿ ಪೆಲಾಗ್ರ ಕಾಣುತ್ತಿತ್ತು. ಅವರು ತಿನ್ನುತ್ತಿದ್ದುದು ಮುಸುಕಿನ ಜೋಳವಲ್ಲ, ನಮ್ಮ ಬಿಳಿ ಜೋಳ. ಇದರಲ್ಲಿ ಮುಸುಕಿನ ಜೋಳದಲ್ಲಿರುವಷ್ಟು ಟ್ರಿಪ್ಟೊಫಾನಿನ ಅಭಾವವಿಲ್ಲ. ಮತ್ತೇಕೆ ರೋಗ? ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಇವರು 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಉತ್ತರವನ್ನು ಮುಂದಿಟ್ಟರು: ಎರಡು ಧಾನ್ಯಗಳಲ್ಲಿಯೂ ಲ್ಯೂಸಿನ್ ಎಂಬ ಅಮೈನೊ ಆಮ್ಲ ಅತಿಯಾಗಿದೆ, ಈ ಅತಿರೇಕ ಜೀವಸತ್ವದ ವ್ಯವಹಾರವನ್ನು ಕೆಡಿಸುತ್ತದೆ. ಕೊರತೆಯಿಂದ ಮಾತ್ರವಲ್ಲ, ಅಸಮತೋಲದಿಂದಲೂ ರೋಗ ಬರಬಹುದೆಂಬ ಈ ವಿಚಾರ ಆ ಕಾಲಕ್ಕೆ ಹೊಸದು. ಮುಂದೆ ನಾಯಿಗಳ ಮೇಲೆ ನಡೆದ ಪ್ರಯೋಗಗಳು ಈ ವಾದವನ್ನು ಬೆಂಬಲಿಸಿದುವು. ರೋಗಿಗಳ ಮಿದುಳಿನ ವಿದ್ಯುತ್ ತರಂಗಗಳನ್ನೂ ಪರೀಕ್ಷಿಸಲಾಯಿತು. ಮನೋಭಾವಕ್ಕೆ ಸಂಬಂಧಿಸಿದ ಸೆರೊಟೊನಿನ್ ಎಂಬ ದ್ರವ್ಯವೂ ಟ್ರಿಪ್ಟೊಫಾನಿನಿಂದಲೇ ಹುಟ್ಟುವುದರಿಂದ, ರೋಗಿಯ ವಿಷಾದಕ್ಕೂ ಅವನ ರೊಟ್ಟಿಗೂ ನಡುವಣ ದಾರಿ ಯಾವುದಿರಬಹುದೆಂಬ ಊಹೆಗೆ ಒಂದು ಆಧಾರ ದೊರೆಯಿತು. ಜೋಳದಲ್ಲಿಯೂ ತಳಿಯಿಂದ ತಳಿಗೆ ಲ್ಯೂಸಿನ್ ಪ್ರಮಾಣ ಬೇರೆ. ಅಂದರೆ ಮನುಷ್ಯನ ಅನುವಂಶದ ಜೊತೆಗೆ ಧಾನ್ಯದ ಅನುವಂಶವೂ ಈ ಲೆಕ್ಕದಲ್ಲಿ ಸೇರಬೇಕಾಯಿತು!

ಲ್ಯೂಸಿನ್ ವಾದ ಸರ್ವಸಮ್ಮತವಾಗಲಿಲ್ಲವೆಂಬುದನ್ನು ಮರೆಮಾಚಬಾರದು. ಬೇರೆ ದೇಶಗಳ ಕೆಲವರಿಗೆ ಅದೇ ಫಲ ದೊರೆಯಲಿಲ್ಲ. ನಮಗೆ ತೋರುವಂತೆ ಅದು ಪೂರ್ಣ ಉತ್ತರವಲ್ಲ. ಆದರೆ ‘ಅವರ ಜಾತಿಯೇ ಮಂದ’ ಎಂಬಂಥ ಮಾತುಗಳಿಗೆ ಎದುರಾಗಿ ಒಂದು ಊಟದ ತಟ್ಟೆಯನ್ನು ತೂಗಿ ನೋಡಿದ ಪ್ರಾಮಾಣಿಕತೆ ಅದರಲ್ಲಿದೆ. ಜೋಳವನ್ನು ಅಪರಾಧಿಯೆನ್ನುವುದೂ ತಪ್ಪಾದೀತು. ರೊಟ್ಟಿಯ ಪಕ್ಕದಲ್ಲಿ ತೊಗರಿಬೇಳೆ, ಪುಂಡಿಪಲ್ಯ, ಶೇಂಗಾಹಿಂಡಿ, ಮಜ್ಜಿಗೆ ಇದ್ದ ಮನೆಗೆ ಪೆಲಾಗ್ರದ ಭಯವಿರಲಿಲ್ಲ. ರೊಟ್ಟಿ, ಕಾರ ಎರಡರಲ್ಲೇ ತಿಂಗಳು ನೂಕಿದ ಮನೆಗೆ ಇತ್ತು. ತೊಗರಿಯನ್ನು ಬೆಳೆದವನೇ ಅದನ್ನು ಪೇಟೆಗೆ ಕಳುಹಿಸಿ ಬರಿಯ ರೊಟ್ಟಿ ತಿನ್ನುವ ಪರಿಸ್ಥಿತಿಯನ್ನು ಯಾವ ಪ್ರಯೋಗಶಾಲೆಯೂ ಅಳೆಯಲಾರದು.

ಆಂಧ್ರಪ್ರದೇಶದಲ್ಲಿ 1983ರಲ್ಲಿ ಎರಡು ರೂಪಾಯಿ ಅಕ್ಕಿಯ ಯೋಜನೆ ಬಂದಿತು. ಬಡವರ ಮನೆಯಲ್ಲಿ ಜೋಳದ ಜಾಗವನ್ನು ಅಕ್ಕಿ ಬಹುಮಟ್ಟಿಗೆ ಆಕ್ರಮಿಸಿತು. ಪೆಲಾಗ್ರ ಈಗ ಅಪರೂಪ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವಾಗಿ ಆಚರಿಸಿದ ಮೇಲೆ ಜೋಳ ಸಿರಿವಂತರ ಮೇಜಿಗೂ ಏರಿದೆ. ಇನ್ನು ಉಳಿದಿರುವುದು ಹಿಂದಣ ಕಾಲದ ಕೆಲಸ. 1956ಕ್ಕೆ ಮುಂಚೆ ನಮ್ಮ ಮೂರು ಜಿಲ್ಲೆಗಳೂ ಹೈದರಾಬಾದು ಸಂಸ್ಥಾನದಲ್ಲಿದ್ದುವು. ಆ ಕಾಲದ ಆಸ್ಪತ್ರೆಗಳ ವರದಿಗಳನ್ನು ಮಳೆ, ಬೆಲೆ, ಬರಗಳ ವರದಿಗಳ ಪಕ್ಕದಲ್ಲಿಟ್ಟು ಓದಿದವರು ವಿರಳ. ಸಂಸ್ಥಾನದ ಕಡತಗಳನ್ನು ಕಾಪಾಡಿರುವ ರಾಜ್ಯ ಪತ್ರಾಗಾರವೂ ತಾರ್ನಾಕದಲ್ಲಿಯೇ ಇದೆ. ಕಡತಗಳ ಭಾಷೆ ಬಹುಪಾಲು ಉರ್ದು. ನಮ್ಮಲ್ಲಿ ಅದನ್ನು ಓದಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ.